ವೇಮೊರ್ಕ್: ಫೋಟೋದಲ್ಲಿ ಕಾಣುವ ಕಟ್ಟಡ ಅದಲ್ಲ

ಮೊದಲೇ ಹೇಳಿಬಿಡುತ್ತೇನೆ. ನಾರ್ವೆಯ ವೇಮೊರ್ಕ್ ಅಂತ ಹುಡುಕಿದರೆ, ಬೆಟ್ಟದ ಪಕ್ಕಕ್ಕೆ ಅಂಟಿಕೊಂಡ ಒಂದು ದೊಡ್ಡ ಕಲ್ಲಿನ ಕಟ್ಟಡದ ಫೋಟೋ ಬರುತ್ತದಲ್ಲ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1943ರಲ್ಲಿ, ಜರ್ಮನ್ನರ ವಿರುದ್ಧ ನಾರ್ವೆಯ ಹುಡುಗರು ಸ್ಫೋಟ ನಡೆಸಿದ್ದು ಅದರೊಳಗಲ್ಲ. ಅದು ವಿದ್ಯುತ್ ಕೇಂದ್ರ. ಭಾರಜಲ (ಮಾಮೂಲಿಗಿಂತ ಭಾರವಾದ ಜಲಜನಕ ಇರುವ ನೀರು) ತಯಾರಾಗುತ್ತಿದ್ದದ್ದು ಅದರ ಮುಂದಿದ್ದ ಇನ್ನೊಂದು ಕಟ್ಟಡದ ನೆಲಮಾಳಿಗೆಯಲ್ಲಿ. ಆ ಕಟ್ಟಡವನ್ನು 1977ರಲ್ಲಿ ಕೆಡವಿದರು. ನೆಲಮಾಳಿಗೆ ಮಣ್ಣಿನಡಿ ಹೂತುಹೋಯಿತು. ಎಷ್ಟೋ ವರ್ಷ ಜನ ಆ ಮಣ್ಣಿನ ಮೇಲೆಯೇ ನಿಂತು, ಹಿಂದಿನ ಕಟ್ಟಡದ ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಅಗೆದು ಹೊರತೆಗೆದು, 2022ರಲ್ಲಿ ನೋಡಲು ಬಿಟ್ಟಿದ್ದಾರೆ.

ನಾವು ಹೋದ ದಿನ ಎರಡು ಕುಟುಂಬಗಳು ದೊಡ್ಡ ಕಟ್ಟಡದೊಳಗೆ ಅರ್ಧ ಗಂಟೆ ಸುತ್ತಾಡಿ, ಕಾಫಿ ಕುಡಿದು, ನೆಲಮಾಳಿಗೆ ನೋಡದೆಯೇ ಹೊರಟುಹೋದವು. ಓಸ್ಲೋದಿಂದ ಅಷ್ಟು ದೂರ ಬಂದು ಸುಮ್ನೆ ಹೋದರಲ್ಲ ಅಂತ ಹೊಟ್ಟೆ ಉರಿಯಿತು. ಈ ಬರಹಕ್ಕೆ ಅದೊಂದು ಕಾರಣ. ಇನ್ನೊಂದು ಕಾರಣ ಬಸ್ಸು. ಅದರ ಕಥೆ ಮುಂದಿದೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ. ಜರ್ಮನಿ 1940ರ ಏಪ್ರಿಲ್‌ನಲ್ಲಿ ನಾರ್ವೆಗೆ ನುಗ್ಗಿ, ಆಮೇಲೆ ಇಡೀ ದೇಶವನ್ನು ಹಿಡಿಯಿತು. ರ್ಯೂಕನ್ ಅನ್ನುವ ಕಣಿವೆ ಊರಿನ ಪಕ್ಕ, ವೇಮೊರ್ಕ್‌ನಲ್ಲಿ, ಗೊಬ್ಬರಕ್ಕೆ ಬೇಕಾದ ಜಲಜನಕ ತಯಾರಿಸುವ ಕಾರ್ಖಾನೆ ಇತ್ತು. ಅದರ ಉಪ ಉತ್ಪನ್ನವಾಗಿ 1934ರಿಂದ ಭಾರಜಲ ಬರುತ್ತಿತ್ತು. ಪರಮಾಣು ಸಂಶೋಧನೆಗೆ ಜರ್ಮನಿಗೆ ಅದು ಬೇಕಾಯಿತು. ಬ್ರಿಟನ್ನಿನ ಎಸ್‌ಒಇ ಅನ್ನುವ ಗುಪ್ತ ಸಂಸ್ಥೆ, ಅಲ್ಲಿಗೆ ಓಡಿಬಂದಿದ್ದ ನಾರ್ವೆಯ ಹುಡುಗರಿಗೇ ತರಬೇತಿ ಕೊಟ್ಟು, ವಿಮಾನದಿಂದ ಹಾರಿಸಿ ವಾಪಸ್ ಕಳಿಸಿತು. ಮೊದಲು ಬಂದ ನಾಲ್ವರಲ್ಲಿ ಪೌಲ್ಸನ್, ಹೆಲ್ಬೆರ್ಗ್, ಹೌಗ್ಲಾಂಡ್ ಮೂವರೂ ಇದೇ ಊರಿನವರು. ತಮ್ಮೂರಿಗೇ ಕಳ್ಳರ ಹಾಗೆ ಬಂದು ಹಿಮದಲ್ಲಿ ಅಡಗಿ ಕೂರಬೇಕಾಯಿತು. ಮನೆಯವರು ಕೆಳಗೆ ಕಣಿವೆಯಲ್ಲಿ, ಇವರು ಮೇಲೆ ಬೆಟ್ಟದಲ್ಲಿ.

ಹೋಗುವುದು ಹೇಗೆ

ಓಸ್ಲೋದಿಂದ ಸುಮಾರು 180 ಕಿಲೋಮೀಟರ್. ಕಾರಿದ್ದರೆ ಮೂರು ಗಂಟೆಯ ದಾರಿ. ಬಸ್ಸಾದರೆ ನೊಟೊಡೆನ್‌ನಲ್ಲಿ ಇಳಿದು ಬದಲಾಯಿಸಬೇಕು. ವಾರದ ದಿನಗಳಲ್ಲಿ ಏನೂ ತೊಂದರೆ ಇಲ್ಲ. ಬೆಳಗ್ಗೆ ಹೋಗಿ ಸಂಜೆ ಬರುತ್ತೇವೆ ಅನ್ನುವ ಯೋಜನೆ ಹಾಕಬೇಡಿ. ನೆಲಮಾಳಿಗೆಗೆ ಗೈಡ್ ಜತೆಗೇ ಹೋಗಬೇಕು, ಅದಕ್ಕೆ ಸಮಯ ಗೊತ್ತು ಮಾಡಿರುತ್ತಾರೆ. ಬಸ್ಸಿನ ಸಮಯಕ್ಕೂ ಅದಕ್ಕೂ ಹೊಂದಾಣಿಕೆ ಆಗುವುದು ಕಷ್ಟ. ಒಂದು ರಾತ್ರಿಯಾದರೂ ಉಳಿಯಿರಿ.

ಉಳಿಯುವ ವಿಷಯಕ್ಕೆ ಬಂದರೆ ನನ್ನ ಪಿತ್ತ ನೆತ್ತಿಗೇರುತ್ತದೆ. ನಾವು ಹಿಡಿದ ರೂಮಿನ ದರ ನೋಡಿ ನಾರ್ವೆಗೆ ಇದು ಸೋವಿ ಅಂತ ಖುಷಿಪಟ್ಟೆವು. ಒಳಗೆ ಹೋಗಿ ನೋಡಿದರೆ ಮಂಚದ ಮೇಲೆ ಬರೀ ಹಾಸಿಗೆ. ಬೆಡ್‌ಶೀಟ್ ಇಲ್ಲ, ದಿಂಬಿನ ಕವರ್ ಇಲ್ಲ, ಟವೆಲ್ ಅಂತೂ ಇಲ್ಲವೇ ಇಲ್ಲ. ಕೇಳಿದರೆ ಅದಕ್ಕೆ ತಲೆಗೆ ಇಷ್ಟು ಅಂತ ಬೇರೆ ದುಡ್ಡು. ಹೊರಡುವಾಗ ರೂಮು ನಾವೇ ಗುಡಿಸಿ ಒರೆಸಿ ಕೊಡಬೇಕು, ಆಗದಿದ್ದರೆ ಅದಕ್ಕೂ ದುಡ್ಡು. ಒಂದು ಕ್ರೋನ್ ಅಂದರೆ ಎಂಟೊಂಬತ್ತು ರೂಪಾಯಿ. ಎಲ್ಲ ಕೂಡಿಸಿದಾಗ ಊರಿನ ಒಳ್ಳೆಯ ಹೋಟೆಲಿಗೆ ಕೊಡುವಷ್ಟೇ ಆಯಿತು, ಮೇಲೆ ತಿಂಡಿಯೂ ಇಲ್ಲ. ಓಸ್ಲೋದಲ್ಲಿ ಕೆಲಸದಲ್ಲಿರುವ ನನ್ನ ಭಾವಮೈದನನ್ನು ಕೇಳಿದೆ. "ಅದು ಇಲ್ಲಿ ಮಾಮೂಲು ಭಾವ, ಎಲ್ಲರೂ ಬೆಡ್‌ಶೀಟ್ ಕಾರಿನಲ್ಲಿ ಹಾಕಿಕೊಂಡೇ ಹೊರಡ್ತಾರೆ" ಅಂದ. ಮೊದಲೇ ಹೇಳಬಾರದಿತ್ತಾ! ನನ್ನ ಹೆಂಡತಿ ತಮ್ಮನನ್ನು ಆ ರಾತ್ರಿಯೇ ಫೋನಿನಲ್ಲಿ ವಿಚಾರಿಸಿಕೊಂಡಳು. ನೀವು ಬುಕ್ ಮಾಡುವಾಗ ಬೆಡ್‌ಶೀಟ್ ಮತ್ತು ಕ್ಲೀನಿಂಗ್ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ. ಎರಡು ಸಾದಾ ಪಂಚೆ ಬ್ಯಾಗಿನಲ್ಲಿದ್ದರೆ ಈ ದಂಡ ತಪ್ಪುತ್ತದೆ.

ಊಟ

ಇಲ್ಲಿ ಮಾತ್ರ ನಾನು ಉದಾರವಾಗಿ ಹೊಗಳುತ್ತೇನೆ. ಊರಿನ ಮುಖ್ಯ ಬೀದಿಯಲ್ಲಿ ಒಂದು ಚಿಕ್ಕ ಕಬಾಬ್ ಅಂಗಡಿ. ಹೊರಗಿನಿಂದ ನೋಡಿದರೆ ಒಳಗೆ ಹೋಗಬೇಕು ಅನ್ನಿಸುವುದಿಲ್ಲ. ನಾಲ್ಕು ಮೇಜು, ಗೋಡೆಗೆ ಟಿವಿ, ಎಣ್ಣೆಯ ವಾಸನೆ. ನಾವು ಮಾಂಸ ತಿನ್ನುವುದಿಲ್ಲ ಅಂದ ಕೂಡಲೇ ಅಂಗಡಿಯವರು ಬೇರೇನೂ ಕೇಳದೆ ಕಡಲೆ ಹಿಟ್ಟು ಅಲ್ಲ, ನೆನೆಸಿ ರುಬ್ಬಿದ ಕಡಲೆಯ ಫಲಾಫೆಲ್ ಅಂತ ಬಟ್ಟಲು ತಂದು ತೋರಿಸಿದರು. ಆಗಲೇ ಕರಿದು ಕೊಟ್ಟರು. ಹೊರಗೆ ಕಂದು, ಒಡೆದರೆ ಒಳಗೆ ಹಸಿರು, ಕೊತ್ತಂಬರಿ ಜೀರಿಗೆ ಘಮ. ತಟ್ಟೆ ತುಂಬ ಎಲೆಕೋಸು, ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿ, ಬಿಸಿ ರೊಟ್ಟಿ, ಬೆಳ್ಳುಳ್ಳಿ ಸಾಸು. ಖಾರ ಜಾಸ್ತಿ ಬೇಕು ಅಂದರೆ ಇಲ್ಲಿಯವರಿಗೆ ಕೊಡದ ಒಂದು ಕೆಂಪು ಚಟ್ನಿಯ ಬಾಟಲಿ ಕೌಂಟರಿನ ಕೆಳಗಿಂದ ಬರುತ್ತದೆ. ಮೂರು ದಿನದಿಂದ ಬ್ರೆಡ್ಡು ಗಿಣ್ಣು ತಿಂದು ಸೊರಗಿದ್ದ ನಾಲಿಗೆಗೆ ಜೀವ ಬಂತು. ಒಂದು ತಟ್ಟೆಯಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ. ಪಕ್ಕದ ಹೋಟೆಲಿನಲ್ಲಿ ಒಂದು ಸೂಪಿಗೆ ಕೇಳುವ ದುಡ್ಡಿಗಿಂತ ಕಡಿಮೆ. ಎರಡನೇ ದಿನ ಹೋದಾಗ ಚಟ್ನಿ ಬಾಟಲಿ ತಾನಾಗಿಯೇ ಮೇಜಿಗೆ ಬಂತು.

ಮ್ಯೂಸಿಯಮ್ಮಿನ ಕೆಫೆಯಲ್ಲಿ ದೋಸೆಕಾವಲಿಯಲ್ಲಿ ಅಲ್ಲದಿದ್ದರೂ ಅಚ್ಚಿನಲ್ಲಿ ಹೊಯ್ದ ವಾಫೆಲ್ ಸಿಗುತ್ತದೆ. ಜತೆಗೆ ಕಂದು ಬಣ್ಣದ ಸಿಹಿ ಗಿಣ್ಣಿನ ಚೂರು. ಹಾಲುಕೋವಾ ಇಷ್ಟಪಡುವವರು ಒಮ್ಮೆ ತಿಂದು ನೋಡಿ. ಸೂಪರ್ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಹಿಟ್ಟಿನ ಲೊಂಪೆ ಅನ್ನುವ ತೆಳು ರೊಟ್ಟಿ ಪ್ಯಾಕೆಟ್ ಸಿಗುತ್ತದೆ, ಉಪ್ಪಿನಕಾಯಿ ಹಚ್ಚಿ ಸುತ್ತಿಕೊಂಡರೆ ದಾರಿಗೆ ಬುತ್ತಿಯಾಯಿತು. ನಲ್ಲಿ ನೀರು ಚೆನ್ನಾಗಿದೆ, ಬಾಟಲಿ ಕೊಳ್ಳಬೇಡಿ.

ಸೇತುವೆಯೂ ಕಮರಿಯೂ

ವೇಮೊರ್ಕ್ ಇರುವುದು ಊರಿನಿಂದ ಪಶ್ಚಿಮಕ್ಕೆ ಏಳು ಕಿಲೋಮೀಟರ್. ರಸ್ತೆ ಕಣಿವೆಯ ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ. ನಡುವೆ ತೂಗುಸೇತುವೆ. ಅದನ್ನು ದಾಟಿ ಏರು ದಾರಿಯಲ್ಲಿ ನಡೆಯಬೇಕು. ಮಂಡಿ ನೋವಿರುವವರು ನಿಧಾನಕ್ಕೆ ಹೋಗಿ.

ಈ ಸೇತುವೆ ಮೇಲೆ ಬೇಸಿಗೆಯ ವಾರಾಂತ್ಯಗಳಲ್ಲಿ ಹಗ್ಗ ಕಟ್ಟಿಕೊಂಡು ಜಿಗಿಯುವ ಆಟ ನಡೆಯುತ್ತದೆ. 84 ಮೀಟರ್ ಕೆಳಕ್ಕೆ. ಹಾಡು, ಕೂಗಾಟ, ಮೊಬೈಲ್ ಹಿಡಿದ ಗುಂಪು. ನನಗೆ ಜಾತ್ರೆ ಇಷ್ಟವಿಲ್ಲ. ಅದರಲ್ಲೂ ಇಲ್ಲಿ ಇಷ್ಟವಾಗಲಿಲ್ಲ. ವಾರದ ದಿನ ಬೆಳಗ್ಗೆ ಮತ್ತೆ ಹೋದಾಗ ಸೇತುವೆ ಖಾಲಿ. ಕಂಬಿ ಹಿಡಿದು ಬಗ್ಗಿ ನೋಡಿದರೆ ಕೆಳಗೆ ಮೋನಾ ನದಿ ಕಾಣುತ್ತದೆ. ಎರಡೂ ಕಡೆ ಕಡಿದಾದ ಬಂಡೆ. ಅಲ್ಲಲ್ಲಿ ಬಂಡೆಯ ಸಂದಿಗೆ ಕಾಲೂರಿಕೊಂಡ ಬರ್ಚ್ ಗಿಡಗಳು, ಸೆಪ್ಟೆಂಬರ್ ಕೊನೆಯಲ್ಲಿ ಅರಿಶಿನ ಬಣ್ಣಕ್ಕೆ ತಿರುಗಿದ್ದವು.

ಆ ಗಿಡಗಳನ್ನು ಚೆನ್ನಾಗಿ ನೋಡಿಕೊಳ್ಳಿ. ಸೇತುವೆ ಮೇಲೆ ಜರ್ಮನ್ ಕಾವಲಿತ್ತು. ಕಮರಿಯನ್ನು ಯಾರೂ ಹತ್ತಲಾರರು ಅಂತ ಅಲ್ಲಿ ಕಾವಲೇ ಇರಲಿಲ್ಲ. ವಿಮಾನದಿಂದ ತೆಗೆದ ಫೋಟೋದಲ್ಲಿ ಬಂಡೆ ಮೇಲೆ ಗಿಡಗಂಟಿ ಕಂಡಿತು. ಗಿಡ ಹಿಡಿದಿದೆ ಅಂದರೆ ಮನುಷ್ಯನೂ ಹಿಡಿದುಕೊಂಡು ಹತ್ತಬಹುದು ಅಂತ ಲೆಕ್ಕ ಹಾಕಿದರು. ಹೆಲ್ಬೆರ್ಗ್ ಮೊದಲು ಹೋಗಿ ದಾರಿ ನೋಡಿಕೊಂಡು ಬಂದ. 1943ರ ಫೆಬ್ರವರಿ 27ರ ರಾತ್ರಿ, ಆಮೇಲೆ ಬಂದು ಕೂಡಿಕೊಂಡವರೂ ಸೇರಿ ಒಂಬತ್ತು ಜನ ಆ ಕಡೆಯಿಂದ ಇಳಿದು, ಹೆಪ್ಪುಗಟ್ಟಿ ಅರ್ಧ ಕರಗುತ್ತಿದ್ದ ನದಿ ದಾಟಿ, ಈ ಕಡೆ ಹತ್ತಿ, ಕಾರ್ಖಾನೆಗೆ ಬರುವ ರೈಲು ಹಳಿ ಹಿಡಿದು ಬಂದರು. ಬೆನ್ನ ಮೇಲೆ ಸಿಡಿಮದ್ದು. ಮಧ್ಯರಾತ್ರಿ ಕಾವಲು ಬದಲಾಗುವ ತನಕ ಕಾದರು. ಹೊಸ ಕಾವಲುಗಾರರು ಒಂದಷ್ಟು ಹೊತ್ತು ನಿಂತು ಆಲಸ್ಯಕ್ಕೆ ಬೀಳಲಿ ಅಂತ ಇನ್ನೂ ಅರ್ಧ ಗಂಟೆ.

ಇಷ್ಟಕ್ಕೂ ಇದು ಮೊದಲ ಪ್ರಯತ್ನವಲ್ಲ. 1942ರ ನವೆಂಬರ್ 19ರಂದು ಬ್ರಿಟಿಷ್ ಸೈನಿಕರನ್ನು ಎಂಜಿನ್ ಇಲ್ಲದ, ಬೇರೆ ವಿಮಾನ ಎಳೆದುಕೊಂಡು ಬರುವ ಎರಡು ಗ್ಲೈಡರ್‌ಗಳಲ್ಲಿ ಕಳಿಸಿದ್ದರು. ಎರಡೂ ಅಪ್ಪಳಿಸಿದವು, ಎಳೆದು ತಂದ ಒಂದು ವಿಮಾನವೂ ಬಿತ್ತು. ಬದುಕಿ ಉಳಿದವರನ್ನು ಜರ್ಮನ್ನರು ಕೊಂದರು. ಸತ್ತವರು ಒಟ್ಟು 41. ವಿಷಯ ಹೊರಬಿದ್ದದ್ದರಿಂದ ವೇಮೊರ್ಕ್ ಸುತ್ತ ಕಾವಲು, ನೆಲಬಾಂಬು ಎರಡೂ ಹೆಚ್ಚಾದವು. ಮೊದಲ ನಾಲ್ವರು ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಯ ಗುಡಿಸಲಲ್ಲಿ ಚಳಿಗಾಲವೆಲ್ಲ ಕಳೆಯಬೇಕಾಯಿತು. ತಂದ ಆಹಾರ ಮುಗಿದು, ಹಿಮದಡಿಯ ಪಾಚಿ ಬೇಯಿಸಿ ತಿಂದರು. ಕ್ರಿಸ್‌ಮಸ್ ಹೊತ್ತಿಗೆ ಪೌಲ್ಸನ್ ಒಂದು ಹಿಮಸಾರಂಗ ಹೊಡೆದ ಮೇಲೆ ಹೊಟ್ಟೆಗೆ ಬಿತ್ತು. ಮ್ಯೂಸಿಯಂನಲ್ಲಿ ಇದೆಲ್ಲ ಹಲಗೆಗಳ ಮೇಲೆ ಬರೆದಿದ್ದಾರೆ. ಆದರೆ ಸೇತುವೆ ಮೇಲೆ ಗಾಳಿಗೆ ಹತ್ತು ನಿಮಿಷ ನಿಂತು, ಕಿವಿ ಮರಗಟ್ಟಿದ ಮೇಲೆ ಒಳಗೆ ಹೋಗಿ ಓದಿ. ಬೇರೆ ಥರ ಅರ್ಥವಾಗುತ್ತದೆ.

ನೆಲಮಾಳಿಗೆ

ದೊಡ್ಡ ಕಟ್ಟಡದ ಒಳಗೆ ಸಾಲಾಗಿ ಹತ್ತು ಜನರೇಟರ್‌ಗಳಿವೆ. 1911ರಲ್ಲಿ ಶುರುವಾದಾಗ ಜಗತ್ತಿನಲ್ಲೇ ದೊಡ್ಡ ಜಲವಿದ್ಯುತ್ ಕೇಂದ್ರವಂತೆ. ಎಂಜಿನಿಯರುಗಳು ಅಲ್ಲೇ ನಿಂತುಬಿಡುತ್ತಾರೆ, ಅವರನ್ನು ಎಳೆದುಕೊಂಡು ಬನ್ನಿ. ಟಿಕೆಟ್ ಕೌಂಟರಿನಲ್ಲೇ ನೆಲಮಾಳಿಗೆಯ ಗೈಡ್ ಎಷ್ಟು ಗಂಟೆಗೆ ಅಂತ ಕೇಳಿ ಹೆಸರು ಬರೆಸಿಬಿಡಿ. ಅವರಾಗಿ ಹೇಳಲಿಲ್ಲ, ನಾವೇ ಕೇಳಿದೆವು. ಚಳಿಗಾಲದಲ್ಲಿ ಮ್ಯೂಸಿಯಂ ತೆರೆದಿರುವ ಹೊತ್ತು ಕಡಿಮೆ, ಹೊರಡುವ ಮುಂಚೆ ನೋಡಿಕೊಳ್ಳಿ.

ನೆಲಮಾಳಿಗೆಯ ಮೇಲೆ ಈಗ ಹೊಸ ಕಟ್ಟಡ ಕಟ್ಟಿ ಕಾಪಾಡಿದ್ದಾರೆ. ಇಳಿದರೆ ಹಳೆಯ ಕಾಂಕ್ರೀಟ್ ಗೋಡೆ, ತಣ್ಣನೆ ಗಾಳಿ. ಅಂದುಕೊಂಡಿದ್ದಕ್ಕಿಂತ ಚಿಕ್ಕ ಜಾಗ. ಇಲ್ಲಿ ಭಾರಜಲ ಸಾಂದ್ರಗೊಳಿಸುವ 18 ಕೋಶಗಳು, ಅಂದರೆ ವಿದ್ಯುತ್ ಹಾಯಿಸುವ ಪಾತ್ರೆಗಳು, ಸಾಲಾಗಿದ್ದವು. ತಂಡದ ನಾಯಕ ಯೋಆಕಿಮ್ ರೊನ್ನೆಬೆರ್ಗ್‌ಗೆ ಆಗ 23 ವರ್ಷ. ಬಾಗಿಲಿಗೆ ಬೀಗ ಇತ್ತು. ಅವನೂ ಫ್ರೆಡ್ರಿಕ್ ಕೈಸರ್ ಅನ್ನುವವನೂ ಕೇಬಲ್ ಹೋಗುವ ಸುರಂಗದಲ್ಲಿ ತೆವಳಿಕೊಂಡು ಒಳಗೆ ಬಂದರು. ಕಾರ್ಖಾನೆಯ ನಕ್ಷೆ ಅವರಿಗೆ ಬಾಯಿಪಾಠ. ಯಾಕೆಂದರೆ ಅದನ್ನು ಕಟ್ಟುವಾಗ ಸಲಹೆ ಕೊಟ್ಟಿದ್ದ ಪ್ರೊಫೆಸರ್ ಲೈಫ್ ಟ್ರೊನ್‌ಸ್ಟಾಡ್ ಅವರೇ ಬ್ರಿಟನ್ನಿನಲ್ಲಿ ಕೂತು ಈ ಕೆಲಸಕ್ಕೆ ಯೋಜನೆ ಹಾಕಿಕೊಟ್ಟವರು. ಕೋಶಗಳ ಮರದ ಮಾದರಿ ಮಾಡಿ, ಮದ್ದು ಕಟ್ಟುವುದನ್ನು ಕತ್ತಲಲ್ಲಿ ಅಭ್ಯಾಸ ಮಾಡಿಸಿದ್ದರು.

ನನಗೆ ತುಂಬ ಹಿಡಿಸಿದ್ದು ಕನ್ನಡಕದ ಪ್ರಸಂಗ. ಒಳಗೆ ಒಬ್ಬ ನಾರ್ವೆಯ ರಾತ್ರಿ ಕಾವಲಿನವ ಇದ್ದ. ಕೈಸರ್ ಅವನಿಗೆ ಗುರಿ ಹಿಡಿದು ನಿಂತ. ರೊನ್ನೆಬೆರ್ಗ್ ಮದ್ದು ಕಟ್ಟಿ, ಎರಡು ನಿಮಿಷದ ಬತ್ತಿಯನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿ, ಇನ್ನೇನು ಕಡ್ಡಿ ಗೀರಬೇಕು. ಆಗ ಮುದುಕ ಹೇಳಿದನಂತೆ, ನನ್ನ ಕನ್ನಡಕ ಎಲ್ಲೋ ಬಿಟ್ಟಿದ್ದೇನೆ, ಯುದ್ಧಕಾಲದಲ್ಲಿ ಹೊಸದು ಸಿಗುವುದಿಲ್ಲ ಅಂತ. ಕೈಯಲ್ಲಿದ್ದ ಕೆಲಸ ಬಿಟ್ಟು ರೊನ್ನೆಬೆರ್ಗ್ ಕನ್ನಡಕ ಹುಡುಕಿದ! ಡಬ್ಬಿ ಸಿಕ್ಕಿತು, ಕೊಟ್ಟ. ಮತ್ತೆ ಬತ್ತಿಗೆ ಕೈಹಾಕಿದರೆ, ಡಬ್ಬಿಯಲ್ಲಿ ಕನ್ನಡಕ ಇಲ್ಲ ಅಂದ. ಮತ್ತೆ ಹುಡುಕಿದ. ಗೈಡ್ ಇದನ್ನು ಹೇಳುವಾಗ ನಮ್ಮ ಗುಂಪಿನಲ್ಲಿ ನಗದವರಿಲ್ಲ.

ಸ್ಫೋಟದ ಸದ್ದು ಹೊರಗೆ ಕಾದವರಿಗೆ ಇಷ್ಟೇನಾ ಅನ್ನಿಸುವಷ್ಟು ಸಣ್ಣದಾಗಿ ಕೇಳಿಸಿತು. ದಪ್ಪ ಗೋಡೆ, ಮೇಲೆ ಯಂತ್ರಗಳ ಗದ್ದಲ. ಒಬ್ಬ ಜರ್ಮನ್ ಸೈನಿಕ ಹೊರಗೆ ಬಂದು, ಟಾರ್ಚ್ ಬಿಟ್ಟು ನೋಡಿ, ವಾಪಸ್ ಒಳಗೆ ಹೋದ. ಸುಮಾರು 500 ಕಿಲೋ ಭಾರಜಲ ಚರಂಡಿಗೆ ಹರಿದುಹೋಯಿತು. ಒಂದು ಗುಂಡೂ ಹಾರಲಿಲ್ಲ. ಊರಿನವರ ಮೇಲೆ ಸೇಡು ತೀರಿಸಬಾರದು, ಬ್ರಿಟಿಷರ ಕೆಲಸ ಅಂತ ಗೊತ್ತಾಗಲಿ ಅಂತ ಬ್ರಿಟಿಷ್ ಸೈನಿಕರು ಬಳಸುತ್ತಿದ್ದ ಒಂದು ಥಾಂಪ್ಸನ್ ಬಂದೂಕನ್ನು ಬೇಕೆಂದೇ ಬಿಟ್ಟುಹೋದರು.

ಝಡ್ ಆಕಾರದ ದಾರಿ

ಊರಿನಲ್ಲಿ ಕ್ರೊಸ್ಸೊಬಾನೆನ್ ಅನ್ನುವ ಕೇಬಲ್ ಕಾರ್ ಇದೆ. ಈ ಕಣಿವೆಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಬಿಸಿಲೇ ಬೀಳುವುದಿಲ್ಲ. ಕಾರ್ಮಿಕರು ಮೇಲೆ ಹೋಗಿ ಸೂರ್ಯನನ್ನು ನೋಡಿಬರಲಿ ಅಂತ ಕಂಪನಿಯೇ 1928ರಲ್ಲಿ ಮಾಡಿಸಿಕೊಟ್ಟಿತು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ ಊರಿನ ಚೌಕಕ್ಕೆ ಬಿಸಿಲು ಬೀಳಿಸುತ್ತಿದ್ದಾರೆ. ಚಳಿಗಾಲದಲ್ಲಿ ಹೋದರೆ ನೋಡಿ, ಬೇಸಿಗೆಯಲ್ಲಿ ಅದರಲ್ಲಿ ಏನೂ ಇಲ್ಲ.

ಎಲ್ಲರೂ ಕೇಬಲ್ ಕಾರಿನಲ್ಲೇ ಹೋಗಿ ಬರುತ್ತಾರೆ. ನೀವು ಒಂದು ಕಡೆಗೆ ಮಾತ್ರ ಟಿಕೆಟ್ ತೆಗೆದುಕೊಳ್ಳಿ. ಕೇಬಲ್‌ನ ಅಡಿಯಲ್ಲೇ ಕಾಡಿನೊಳಗೆ ಅಂಕುಡೊಂಕಾಗಿ ಹೋಗುವ ಹಳೆಯ ದಾರಿಯೊಂದಿದೆ, ರ್ಯೂಸ್ ವೈ ಅಂತ. ಸ್ಫೋಟದ ನಂತರ ಒಂಬತ್ತೂ ಜನ ಮತ್ತೆ ಕಮರಿಗೆ ಇಳಿದು, ನದಿ ದಾಟಿ, ಈ ದಾರಿಯಲ್ಲೇ ಮೇಲಕ್ಕೆ ಹತ್ತಿ ಪ್ರಸ್ಥಭೂಮಿ ಸೇರಿದರು. ಹಿಂದೆ ಸೈರನ್, ಕೆಳಗಿನ ರಸ್ತೆಯಲ್ಲಿ ಸೈನ್ಯದ ಲಾರಿಗಳು. ನಾವು ಮೇಲಕ್ಕೆ ಕೇಬಲ್‌ನಲ್ಲಿ ಹೋಗಿ ಕೆಳಕ್ಕೆ ನಡೆದೆವು. ಸುಮಾರು 500 ಮೀಟರ್ ಎತ್ತರದಿಂದ ಇಳಿಯುವುದು. ತಿರುವು ಆದಮೇಲೆ ತಿರುವು, ಒದ್ದೆ ಬೇರು, ಸಡಿಲ ಕಲ್ಲು. ಇಳಿಯುವುದಕ್ಕೇ ತೊಡೆ ನಡುಗಿತು. ಅವರು ಹತ್ತಿದ್ದು ಹಿಮದಲ್ಲಿ, ಕತ್ತಲಲ್ಲಿ. ಚಪ್ಪಲಿ, ಸಾದಾ ಶೂ ಬೇಡ. ಮಳೆ ಬಂದ ದಿನ ಈ ದಾರಿ ಬೇಡವೇ ಬೇಡ. ದಾರಿಯುದ್ದಕ್ಕೂ ಎದುರಿಗೆ ಸಿಕ್ಕವರು ನಾಯಿ ಕರೆದುಕೊಂಡು ಬಂದ ಒಬ್ಬ ಅಜ್ಜಿ ಮಾತ್ರ, ಆಕೆ ಹತ್ತುತ್ತಿದ್ದರು.

ಅಲ್ಲಿಂದ ಐವರು ಸಮವಸ್ತ್ರದಲ್ಲೇ ಸ್ಕೀ ಮಾಡಿಕೊಂಡು ಸ್ವೀಡನ್ ಸೇರಿದರು. ಸುಮಾರು 400 ಕಿಲೋಮೀಟರ್. ಉಳಿದವರು ನಾರ್ವೆಯಲ್ಲೇ ಚದುರಿಹೋದರು. ಒಬ್ಬರೂ ಸಿಕ್ಕಿಬೀಳಲಿಲ್ಲ.

ಗೌಸ್ತಾತೊಪ್ಪೆನ್ ಬೆಟ್ಟದೊಳಗಿನ ಸುರಂಗ ರೈಲಿಗೂ ಎಲ್ಲರೂ ಹೋಗಿ ಅನ್ನುತ್ತಾರೆ. ಸಾಲು ನೋಡಿದೆ, ಟಿಕೆಟ್ ದರ ನೋಡಿದೆ, ವಾಪಸ್ ಬಂದೆ.

ಭಾನುವಾರ

ಈಗ ಬಸ್ಸು. ಸ್ಟಾಪಿನಲ್ಲಿ ಹಾಕಿದ್ದ ವೇಳಾಪಟ್ಟಿಯಲ್ಲಿ ನಮಗೆ ಬೇಕಾದ ಬಸ್ಸಿನ ಪಕ್ಕ ಒಂದು ಪುಟ್ಟ ಅಕ್ಷರ ಇತ್ತು. ಆ ಅಕ್ಷರದ ವಿವರ ಇದ್ದ ಕಡೆ ಸ್ಟಿಕ್ಕರ್ ಅಂಟಿಸಿದ್ದರು. ಫೋನಿನ ಆ್ಯಪ್ ಬಸ್ಸಿದೆ ಅಂತಲೇ ತೋರಿಸುತ್ತಿತ್ತು. ಒಂದೂವರೆ ಗಂಟೆ ನಿಂತೆವು. ಬರಲಿಲ್ಲ. ನಾಯಿ ಅಡ್ಡಾಡಿಸುತ್ತಿದ್ದ ಒಬ್ಬರು ನಿಂತು, ಅದು ಶಾಲೆ ಇರುವ ದಿನ ಮಾತ್ರ ಓಡುತ್ತದೆ ಅಂದರು. ಆಮೇಲಿನ ಬಸ್ಸಿನ ಡ್ರೈವರ್ ನಮ್ಮ ಲಗೇಜು ನೋಡಿ, ನೊಟೊಡೆನ್‌ನಲ್ಲಿ ಮುಂದಿನ ಬಸ್ಸು ಇವತ್ತು ಸಿಗುವುದು ಅನುಮಾನ ಅಂತ ಭುಜ ಕುಣಿಸಿ ಹೊರಟೇಬಿಟ್ಟ. ಹತ್ತುವುದು ಬಿಡುವುದು ನಮ್ಮಿಷ್ಟ ಅಲ್ವಾ? ಬಾಗಿಲೇ ಮುಚ್ಚಿಬಿಟ್ಟ. ದೂರು ಬರೆದೆ. ಉತ್ತರವಾಗಿ ಕ್ಷಮೆ ಬಂತು, ದುಡ್ಡು ಬರಲಿಲ್ಲ.

ಭಾನುವಾರ ದೊಡ್ಡ ಅಂಗಡಿಗಳೂ ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು ಬ್ರೆಡ್ಡು ತಂದಿಟ್ಟುಕೊಳ್ಳಿ. ಭಾನುವಾರ ರ್ಯೂಕನ್‌ನಿಂದ ಬಸ್ಸಿನಲ್ಲಿ ಹೊರಡುವ ಯೋಚನೆಯೇ ಬೇಡ. ಇನ್ನೊಂದು ರಾತ್ರಿಯ ಬಾಡಿಗೆ ದಂಡ, ಬೆಡ್‌ಶೀಟ್ ಸಮೇತ.

ಸರೋವರದ ಕಡೆ

ಆ ದಂಡದಿಂದ ಒಂದು ಲಾಭ ಆಯಿತು, ಮಾರನೇ ದಿನ ಮ್ಯಾಲ್‌ಗೆ ಹೋಗಿಬಂದೆವು. ಊರಿನಿಂದ ಪೂರ್ವಕ್ಕೆ 16 ಕಿಲೋಮೀಟರ್, ಟಿನ್ ಸರೋವರದ ದಡ. ವೇಮೊರ್ಕ್ ನೋಡಿದವರು ಇಲ್ಲಿಗೆ ಬರುವುದಿಲ್ಲ. ಕಥೆಯ ಕಷ್ಟದ ಭಾಗ ಇಲ್ಲಿದೆ.

ಸ್ಫೋಟವಾದ ಕೆಲವೇ ತಿಂಗಳಲ್ಲಿ ಜರ್ಮನ್ನರು ರಿಪೇರಿ ಮಾಡಿ ಮತ್ತೆ ಶುರು ಮಾಡಿದ್ದರು. 1943ರ ನವೆಂಬರ್ 16ರಂದು ಅಮೆರಿಕದ ವಿಮಾನಗಳು ಬಾಂಬ್ ಹಾಕಿದವು. ನೆಲಮಾಳಿಗೆಯಲ್ಲಿದ್ದ ಭಾರಜಲಕ್ಕೆ ಹೆಚ್ಚೇನೂ ಆಗಲಿಲ್ಲ, ಊರಿನ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಜರ್ಮನ್ನರು ಇದ್ದಬದ್ದ ಭಾರಜಲವನ್ನು ಪೀಪಾಯಿಗಳಲ್ಲಿ ತುಂಬಿ ಜರ್ಮನಿಗೆ ಸಾಗಿಸಲು ಹೊರಟರು. ರೈಲು ಡಬ್ಬಿಗಳನ್ನೇ ಹೊತ್ತು ಸರೋವರ ದಾಟುವ ಹೈಡ್ರೊ ಅನ್ನುವ ಹಡಗು. ಅದರಲ್ಲಿ ಊರಿನವರೂ ಹೋಗುತ್ತಿದ್ದರು. ಆ ಒಂಬತ್ತು ಜನರಲ್ಲಿ ಒಬ್ಬನಾಗಿದ್ದ ಕ್ನೂಟ್ ಹೌಕೆಲಿಡ್ ಮತ್ತು ಅವನ ಜತೆಗಾರರು ಹಿಂದಿನ ರಾತ್ರಿ ಹಡಗಿನ ತಳಕ್ಕೆ ಇಳಿದು, ಅಲಾರಂ ಗಡಿಯಾರ ಜೋಡಿಸಿದ ಮದ್ದು ಇಟ್ಟರು. ಜನ ಕಡಿಮೆ ಇರಲಿ ಅಂತ ಭಾನುವಾರವನ್ನೇ ಆರಿಸಿದ್ದರು. 1944ರ ಫೆಬ್ರವರಿ 20. ಸರೋವರ ತುಂಬ ಆಳವಿರುವ ಕಡೆ ಹಡಗು ಮುಳುಗಿತು. ಸತ್ತವರು 18 ಜನ. 14 ಮಂದಿ ನಾರ್ವೆಯವರು.

ಪ್ರಯಾಣಿಕರಿಗೆ ಎಚ್ಚರಿಕೆ ಕೊಡುವ ಹಾಗಿರಲಿಲ್ಲ. ಕೊಟ್ಟರೆ ವಿಷಯ ಹೊರಬೀಳುತ್ತಿತ್ತು. ಜರ್ಮನಿ ಆಗ ಬಾಂಬ್‌ನ ಹತ್ತಿರಕ್ಕೂ ಬಂದಿರಲಿಲ್ಲ ಅನ್ನುವುದು ಯುದ್ಧ ಮುಗಿದ ಮೇಲೆ ಗೊತ್ತಾಯಿತು. ಆಗ ಇವರಿಗೆ ಅದು ತಿಳಿಯುವ ದಾರಿ ಇರಲಿಲ್ಲ. ಸೇತುವೆ ಮೇಲೆ ಜಿಗಿಯಲು ಸಾಲು ನಿಂತವರಲ್ಲಿ ಅರ್ಧ ಜನ ಇಲ್ಲಿಗೂ ಬಂದರೆ ಚೆನ್ನಾಗಿತ್ತು ಅನ್ನಿಸಿತು. ಆಮೇಲೆ, ಬರದಿದ್ದದ್ದೇ ಒಳ್ಳೆಯದಾಯಿತು ಅಂತಲೂ ಅನ್ನಿಸಿತು.

ಹೈಡ್ರೊ ಈಗಲೂ 430 ಮೀಟರ್ ಆಳದಲ್ಲಿದೆ. ಅದೇ ಕೆಲಸ ಮಾಡುತ್ತಿದ್ದ ಅಮೋನಿಯಾ ಮತ್ತು ಸ್ಟೋರೆಗುಟ್ ಅನ್ನುವ ಹಡಗುಗಳನ್ನು ಮ್ಯಾಲ್‌ನ ದಡದಲ್ಲಿ ಉಳಿಸಿಕೊಂಡಿದ್ದಾರೆ. ಹಡಗಿನ ಮೇಲೆ ರೈಲು ಹಳಿ ಹೇಗೆ ಬಂದು ಕೂಡುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬಹುದು, ಒಳಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಂಡು ಹೋಗಿ. ನೊಟೊಡೆನ್ ಕಡೆಗೆ ಹೋಗುವ ಬಸ್ಸಿನಲ್ಲಿ ಸರೋವರದ ಬದಿಯ ಸೀಟು ಹಿಡಿಯಿರಿ. ಮ್ಯಾಲ್‌ನಲ್ಲಿ ನಮಗೆ ಒಂದು ಅಂಗಡಿಯೂ ಕಾಣಲಿಲ್ಲ. ಕಬಾಬ್ ಅಂಗಡಿ ಬೆಳಗ್ಗೆ ತೆರೆಯುವುದಿಲ್ಲ, ಹಿಂದಿನ ರಾತ್ರಿಯೇ ಎರಡು ಫಲಾಫೆಲ್ ರೋಲ್ ಕಟ್ಟಿಸಿಕೊಳ್ಳಿ. ಚಟ್ನಿ ಬೇರೆ ಡಬ್ಬಿಯಲ್ಲಿ ಕೊಡಿ ಅಂತ ಕೇಳಿ, ಇಲ್ಲದಿದ್ದರೆ ರೊಟ್ಟಿ ನೆನೆದುಹೋಗುತ್ತದೆ.